ರೇಡಿಯೋ ರೂಮಿನ ಮುಂದಿನ ಟೀಚರಮ್ಮ

ಹೊಸೂರಿನ ಅವಲಪಲ್ಲಿಯಲ್ಲಿ ಟೀಚರಮ್ಮನ ಮಗನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ತಿಥಿಯ ಊಟ ಮುಗಿದ ಮೇಲೆ ಬೀದಿಯ ಹಿರಿಯರೊಬ್ಬರು ಎದ್ದು ನಿಂತು ನಾಲ್ಕು ಮಾತಾಡಿದರು. "ಯಾರ ಮನಸ್ಸನ್ನೂ ನೋಯಿಸದ ತಾಯಿ. ಮಾತು ಕಡಿಮೆ. ಶಾಂತ ಸ್ವಭಾವ" ಎಂದರು. ಪಾಪ, ಅವರು ಟೀಚರಮ್ಮನನ್ನು ಕಂಡದ್ದು ಕೊನೆಯ ಒಂದೆರಡು ವರ್ಷ ಮಾತ್ರ. ಆ ಹೊತ್ತಿಗೆ ಉಬ್ಬಸ ಅವರ ಮಾತನ್ನು ಅರ್ಧ ತಿಂದುಬಿಟ್ಟಿತ್ತು. ಕಾಯಿಲೆಯನ್ನು ಆ ಹಿರಿಯರು ಸ್ವಭಾವ ಎಂದುಕೊಂಡಿದ್ದರು.

ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ತಡೆಯಲಾಗಲಿಲ್ಲ. "ಅದು ಸುಳ್ಳು" ಎಂದುಬಿಟ್ಟೆ. ಸ್ವಲ್ಪ ಜೋರಾಗಿಯೇ ಅಂದೆನೇನೋ, ಎಲ್ಲರೂ ತಿರುಗಿ ನೋಡಿದರು. ಟೀಚರಮ್ಮನ ಹಿರಿಯ ಮಗಳು ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಷ್ಟು ದಿನ ಅತ್ತ ಕಣ್ಣಿನಲ್ಲೇ ನಕ್ಕಳು.

ಟೀಚರಮ್ಮ ಶಾಂತ ಸ್ವಭಾವದವರಾಗಿರಲಿಲ್ಲ. ಅವರ ಮಾತೂ ಕಡಿಮೆಯಲ್ಲ. ಮನಸ್ಸು ನೋಯಿಸಬೇಕಾದವರ ಮನಸ್ಸನ್ನು ಅವರು ಚೆನ್ನಾಗಿಯೇ ನೋಯಿಸಿದ್ದಾರೆ. ಸತ್ತವರನ್ನೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿ ಸಾಧುವಾಗಿ ಮಾಡುವ ಪದ್ಧತಿಗೆ ಅವರನ್ನು ಬಿಟ್ಟುಕೊಡಲು ನನಗೆ ಇಷ್ಟವಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮುಳಬಾಗಿಲಿನ ಕಡೆಯಿಂದ ಮದುವೆಯಾಗಿ ಬಂದು, ತಮಿಳುನಾಡಿನ ಗಡಿಯೊಳಗೆ ಕೆಲಮಂಗಲದಿಂದ ಡೆಂಕಣಿಕೋಟೆಗೆ ಹೋಗುವ ದಾರಿಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿ ಸೇರಿದೆ. ಅವರು ಅಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಗಿಡ್ಡ ಆಳು, ದಪ್ಪ ಗಾಜಿನ ಕನ್ನಡಕ, ಮೊಣಕೈವರೆಗೂ ಸೀಮೆಸುಣ್ಣದ ಪುಡಿ. ಯಾರಾದರೂ ಅವರೊಡನೆ ಜಗಳಕ್ಕೆ ನಿಂತರೆ ಕನ್ನಡಕವನ್ನು ಹಣೆಗೇರಿಸಿಕೊಳ್ಳುತ್ತಿದ್ದರು. ಹಾಗೆ ಮಾಡಿದರೆ ಅವರಿಗೆ ಎದುರಿನ ಮುಖವೇ ಕಾಣುತ್ತಿರಲಿಲ್ಲ. ಯಾಕೆ ಹೀಗೆ ಮಾಡ್ತೀರಿ ಎಂದು ಒಮ್ಮೆ ಕೇಳಿದೆ. "ಮುಖ ಕಾಣ್ಸದೆ ಇದ್ರೆ ಹೆದರ್ಕೆ ಆಗಲ್ಲ ಕಣೇ. ಬರೀ ಒಂದು ಮಸಕಿನ ಜೊತೆ ಮಾತಾಡಿದ ಹಂಗಿರ್ತದೆ" ಎಂದರು. ಹೆದರಿಕೆ ಅವರಿಗೂ ಆಗುತ್ತಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ.

ಊರಿನ ನಡುವೆ ಪಂಚಾಯ್ತಿಯ ರೇಡಿಯೋ ರೂಮಿತ್ತು. ಒಂದು ಚಿಕ್ಕ ಕಟ್ಟಡ, ಮೇಲೆ ಲೌಡ್‌ಸ್ಪೀಕರ್. ಸಂಜೆ ಸುದ್ದಿ, ಕೃಷಿ ಕಾರ್ಯಕ್ರಮ, ತಮಿಳು ಸಿನಿಮಾ ಹಾಡು ಬರುತ್ತಿದ್ದವು. ಭಾನುವಾರ ಸುದ್ದಿ ಮುಗಿದ ಕೂಡಲೇ ಟೀಚರಮ್ಮ ರೇಡಿಯೋ ನಿಲ್ಲಿಸಲು ಹೇಳಿ, ಕಟ್ಟಡದ ಮೆಟ್ಟಿಲ ಮೇಲೆ ನಿಂತು ಮಾತು ಶುರುಮಾಡುತ್ತಿದ್ದರು. ಸಿಡುಬಿನ ಚುಚ್ಚುಮದ್ದು ಹಾಕುವವರು ಬಂದಾಗ ಊರಿನವರು ಮಕ್ಕಳನ್ನು ರಾಗಿಹೊಲದಲ್ಲಿ ಬಚ್ಚಿಟ್ಟಿದ್ದರಂತೆ. ಆಗ ಇವರು ಇದೇ ಮೆಟ್ಟಿಲ ಮೇಲೆ ನಿಂತು ಸಿಡುಬು ಎಂದರೇನು, ಚುಚ್ಚಿದರೆ ಮೈಯೊಳಗೆ ಏನಾಗುತ್ತದೆ ಎಂದು ಬಿಡಿಸಿ ಹೇಳಿದ್ದರು. ಜನ ಕೇಳಿದರು. ಮಕ್ಕಳನ್ನು ಕರೆತಂದರು. ಅಂದಿನಿಂದ ಭಾನುವಾರದ ಮಾತು ನಿಲ್ಲಲಿಲ್ಲ. ಕಾಡು ಕಡಿದರೆ ಮಣ್ಣು ಎಲ್ಲಿಗೆ ಹೋಗುತ್ತದೆ, ಅಣುಬಾಂಬು ಬಿದ್ದ ಊರಿನಲ್ಲಿ ಬದುಕಿದವರಿಗೆ ಏನಾಯಿತು, ದೂರದ ದೇಶಗಳಲ್ಲಿ ಬರ ಯಾಕೆ, ನಮ್ಮ ಬಾವಿಗಳ ನೀರು ಯಾಕೆ ಇಳಿಯುತ್ತಿದೆ, ಎಲ್ಲವನ್ನೂ ಹೇಳುತ್ತಿದ್ದರು. ಕನ್ನಡದಲ್ಲಿ ಶುರುವಾದ ವಾಕ್ಯ ತೆಲುಗಿನಲ್ಲಿ ತಿರುಗಿ ತಮಿಳಿನಲ್ಲಿ ಮುಗಿಯುತ್ತಿತ್ತು. ಯಾರಿಗೂ ತೊಡಕಾಗುತ್ತಿರಲಿಲ್ಲ. ಆ ಊರೇ ಹಾಗೆ ಮಾತಾಡುತ್ತಿತ್ತು.

"ಲೋಕದ ಕಷ್ಟ ನಮ್ಮೂರ್ಗೂ ಬತ್ತದೆ ಕಣ್ರಪ್ಪಾ. ಬಸ್ಸು ಇಲ್ದಿದ್ರೂ ಬತ್ತದೆ. ಬರೋದಕ್ಕೆ ಮುಂಚೆ ಅದರ ಮುಖ ನೋಡ್ಕೊಂಡಿರೋಣ" ಎನ್ನುವುದು ಅವರ ಪೀಠಿಕೆ.

ಜನಸಂಖ್ಯೆಯ ವಿಷಯ ಎತ್ತಿದ ದಿನ ಊರಿನ ಗೌಡರಿಗೆ ಸರಿಬೀಳಲಿಲ್ಲ. "ಚಂದ್ರನ್ ಇಸ್ಯ ಹೇಳಮ್ಮ, ಚೆಂದಾಗಿರ್ತದೆ. ಬಸುರು ಬಾಣಂತನ ಎಲ್ಲಾ ಗಂಡಸ್ರ ಮುಂದೆ ಯಾಕೆ?" ಎಂದರು. ಟೀಚರಮ್ಮ ಕನ್ನಡಕ ಮೇಲಕ್ಕೇರಿಸಿದರು. "ಚಂದ್ರ ಹಡೆಯಲ್ಲ ಗೌಡ್ರೇ. ಹಡೆಯೋದು ಇಲ್ಲಿ." ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಗೌಡರು ಟವಲು ಕೊಡವಿಕೊಂಡು ಎದ್ದು ಹೋದರು. ಮುಂದಿನ ಭಾನುವಾರ ಬಂದು ಸ್ವಲ್ಪ ದೂರದಲ್ಲಿ ಕೂತರು.

ಟೀಚರಮ್ಮನನ್ನು ಸಿಕ್ಕಿಸಲು ಎಲ್ಲರ ಕೈಯಲ್ಲೂ ಒಂದು ಪ್ರಶ್ನೆ ಇತ್ತು. ಅವರಿಗೇ ಆರು ಮಕ್ಕಳು. ಒಬ್ಬ ಎದ್ದು ನಿಂತು ಕೇಳಿಯೇಬಿಟ್ಟ: "ಟೀಚರಮ್ಮೋ, ನಿಮ್ಮನೇಲೇ ಆರವಲ್ಲ! ನಮ್ಗೇನ್ ಹೇಳ್ತೀರ?" ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಹೇಳಿದರು: "ಮೂರನೇದು ಹೊಟ್ಟೇಲಿದ್ದಾಗ ಯಾರಾದ್ರೂ ಬಂದು ನಿನಗೆ ಬೇಕಾ, ಸಾಕಾ ಅಂತ ಕೇಳಿದ್ರೆ ನಾನೂ ಬಾಯಿ ಬಿಡ್ತಿದ್ದೆ. ಯಾರೂ ಕೇಳ್ಲಿಲ್ಲ ಕಣಪ್ಪಾ. ನನ್ನ ಆರು ಮಕ್ಕಳಲ್ಲಿ ಒಬ್ಬರನ್ನೂ ಬ್ಯಾಡ ಅನ್ನಲ್ಲ. ಆದ್ರೆ ನನ್ನ ಕೇಳ್ದೆ ಆಗಿದ್ದು ಅದು. ನಿನ್ನ ಹೆಂಡ್ತೀನ ನೀನು ಕೇಳಿದೀಯಾ?" ಅವನು ಕೂತುಬಿಟ್ಟ.

ಆರನೆಯದಾದ ಮೇಲೆ ಅವರೊಬ್ಬರೇ ಬಸ್ಸು ಹತ್ತಿ ಕೃಷ್ಣಗಿರಿ ಆಸ್ಪತ್ರೆಗೆ ಹೋಗಿ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡು ಬಂದಿದ್ದರು. ಅತ್ತೆ ಬಹಳ ಕಾಲ ಮಾತು ಬಿಟ್ಟಿದ್ದರಂತೆ. ತಾಲ್ಲೂಕು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಗಂಡ ಮೆತ್ತನೆಯ ಮನುಷ್ಯ. "ನೀನು ಹೋಗಿ ಬಾ, ಅಮ್ಮನ ಬೈಗುಳ ನಾನು ತಿಂದ್ಕೋತೀನಿ" ಎಂದಿದ್ದರಂತೆ. ಇದನ್ನೆಲ್ಲ ಟೀಚರಮ್ಮ ಮೆಟ್ಟಿಲ ಮೇಲೆ ನಿಂತು, ಮಳೆ ಹೇಗೆ ಬರುತ್ತದೆ ಎಂದು ಹೇಳುವ ದನಿಯಲ್ಲೇ ಹೇಳುತ್ತಿದ್ದರು.

ಒಮ್ಮೆ ಮನೆಯಿಂದ ತಟ್ಟೆಯಲ್ಲಿ ದೊಡ್ಡ ರಾಗಿಮುದ್ದೆ ತಂದರು. ಇದು ಭೂಮಿ ಎಂದರು. ಮುಕ್ಕಾಲು ಭಾಗ ನೀರು ಎಂದು ಅಷ್ಟನ್ನು ಬದಿಗೆ ಸರಿಸಿದರು. ಬೆಟ್ಟ, ಮರಳುಗಾಡು, ಹಿಮ ಎಂದು ಚಿವುಟಿ ತೆಗೆಯುತ್ತ ಹೋದರು. ಉಳಿದ ತುಣುಕು ಉಳುಮೆಯ ನೆಲ. ಅದರಲ್ಲಿ ದೊಡ್ಡ ಪಾಲನ್ನು ಕೈಯಲ್ಲಿ ಎತ್ತಿ ಹಿಡಿದು, "ಇದು ದುಡ್ಡಿರೋ ದೇಶಗಳು ಮುಕ್ಕೋದು. ಅಲ್ಲಿ ಜನ ಕಮ್ಮಿ, ನುಂಗೋದು ಜಾಸ್ತಿ. ಹೊಟ್ಟೆ ಎಷ್ಟವೆ ಅನ್ನೋದು ಒಂದು ಲೆಕ್ಕ, ಒಂದೊಂದು ಹೊಟ್ಟೆ ಎಷ್ಟು ನುಂಗ್ತದೆ ಅನ್ನೋದು ಇನ್ನೊಂದು. ಬರೀ ಮೊದಲ್ನೇ ಲೆಕ್ಕ ಹೇಳೋರನ್ನ ನಂಬಬೇಡಿ" ಎಂದರು. ಮಾತು ಮುಗಿದ ಮೇಲೆ ಆ ಮುದ್ದೆಯನ್ನು ಅವರ ಮಕ್ಕಳು ಹುರುಳಿ ಸಾರಿನಲ್ಲಿ ತಿಂದರು. "ಭೂಮಿ ಚೆನ್ನಾಗಿತ್ತಮ್ಮಾ" ಎಂದ ಕೊನೆಯವನು.

ತುರ್ತು ಪರಿಸ್ಥಿತಿಯ ಕಾಲ ಬಂತು. ಒಂದು ಮಧ್ಯಾಹ್ನ ಜೀಪಿನಲ್ಲಿ ಒಬ್ಬ ಅಧಿಕಾರಿ ಶಾಲೆಗೆ ಬಂದರು. ಪ್ರತಿಯೊಬ್ಬ ಟೀಚರೂ ಆಪರೇಷನ್ನಿಗೆ ಜನರನ್ನು ಕರೆತರಬೇಕು, ತರದಿದ್ದರೆ ಪರಿಣಾಮ ಚೆನ್ನಾಗಿರುವುದಿಲ್ಲ ಎಂದರು. ಹೆಡ್‌ಮಾಸ್ಟರು ತಲೆ ತಗ್ಗಿಸಿ ಕೂತಿದ್ದರು. ಟೀಚರಮ್ಮನ ಭಾನುವಾರದ ಮಾತಿನ ವಿಷಯ ಆ ಅಧಿಕಾರಿಗೆ ಗೊತ್ತಿತ್ತು. ತುಂಬ ಮರ್ಯಾದೆಯಿಂದ, ಕೆಲಮಂಗಲದ ಸಂತೆಯ ದಿನ ಮೈದಾನದಲ್ಲಿ ಮೈಕ್ ಹಾಕಿಸುತ್ತೇವೆ, ನೀವು ಮಾತಾಡಬೇಕು ಎಂದರು.

"ಒಪ್ಪಿದೋರನ್ನ ಮಾತ್ರ ತಾನೆ ಸಾರ್ ಕರ್ಕೊಂಡು ಹೋಗೋದು?" ಟೀಚರಮ್ಮ ಕೇಳಿದರು.

"ಆಮಾಮಾ. ನೀಂಗ ಪೇಸುಂಗ ಟೀಚರ್, ಮತ್ತದೆಲ್ಲಾಂ ನಾಂಗ ಪಾತ್ತುಕ್ಕಿರೋಂ." ಹೌದು ಹೌದು, ನೀವು ಮಾತಾಡಿ, ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ.

ತಾವು ವರ್ಷಗಳಿಂದ ಹೇಳುತ್ತಿದ್ದದ್ದನ್ನೇ ಸಂತೆಯ ಜನಕ್ಕೆ ಹೇಳುವುದು, ಅದರಲ್ಲೇನು ತಪ್ಪು ಎಂದು ಅವರು ಒಪ್ಪಿದರು. ನಮ್ಮೂರಿನವರಿಗೂ ಬರಲು ಹೇಳಿದರು. ಟೀಚರಮ್ಮ ಮೈಕಿನಲ್ಲಿ ಮಾತಾಡುತ್ತಾರೆ ಎಂದು ಗಾಡಿ ಕಟ್ಟಿಕೊಂಡು ಬಂದವರೂ ಇದ್ದರು.

ಆ ದಿನ ನಾನು ಅವರ ಪಕ್ಕದಲ್ಲೇ ಇದ್ದೆ. ಮಾತು ಅರ್ಧಕ್ಕೆ ಬಂದಿತ್ತು. ಜನರನ್ನು ಸೀಳಿಕೊಂಡು ಒಬ್ಬ ಹೆಂಗಸು ಮುಂದೆ ಬಂದಳು. ನಮ್ಮೂರಿನ ಮುನಿಯಮ್ಮ. ತಲೆಗೂದಲು ಬಿಚ್ಚಿಹೋಗಿತ್ತು.

"ಟೀಚರಮ್ಮಾ, ನೀನು ಕರ್ದೆ ಅಂತ ಬಂದೋ! ನನ್ನ ಮಗನ್ನ ಹಿಂದ್ಗಡೆ ವ್ಯಾನ್‌ಗೆ ತುಂಬವ್ರೆ. ಮದ್ವೆಯಾಗಿ ಇನ್ನಾ ವರ್ಸ ಆಗಿಲ್ಲ, ಒಂದು ಕೂಸಿಲ್ಲ ಕಣವ್ವಾ ಅವನ್ಗೆ!"

ಅವಳ ಮಗ ಮುನಿರಾಜು ನಮ್ಮ ಶಾಲೆಯಲ್ಲೇ ಓದಿದವನು. ಟೀಚರಮ್ಮ ಕನ್ನಡಕವನ್ನು ಹಣೆಗೇರಿಸಿ ಮೈಕಿನಲ್ಲಿ ಹೇಳಿದರು: "ಇಲ್ಲೀತನಕ ನಾನು ಹೇಳಿದ್ದೆಲ್ಲಾ ನಿಜ. ಈಗ ಹೇಳೋದೂ ನಿಜ. ಮೈದಾನದ ಹಿಂದೆ ವ್ಯಾನ್ ನಿಂತಿದೆ. ಒಪ್ಪಿಗೆ ಇದ್ದೋರು ಹೋಗಿ ಹತ್ತಿ, ಒಳ್ಳೇದೇ. ಒಪ್ಪಿಗೆ ಇಲ್ದೋರು ಈಗ್ಲೇ ಮನೆಗೆ ಹೋಗಿ. ಓಡಿ."

ಮೈದಾನ ಎದ್ದಿತು. ಧೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ನಾನು ಅವರ ಸೆರಗು ಹಿಡಿದು, "ಅಕ್ಕಾ, ನಾವೂ ಹೋಗಿಬಿಡೋಣ ಬನ್ನಿ" ಎಂದೆ. ಅವರು ಸೆರಗನ್ನು ಬಿಡಿಸಿಕೊಂಡು ವ್ಯಾನಿನ ಕಡೆಗೆ ನಡೆದರು. ನಾನೂ ಹಿಂದೆ ಹೋದೆ. ಬಾಗಿಲಲ್ಲಿ ನಿಂತಿದ್ದವನನ್ನು ಭುಜದಿಂದ ತಳ್ಳಿ, ಬಾಗಿಲು ಎಳೆದು ತೆಗೆದರು. "ಹಿಡ್ಕೋ ಇದನ್ನ, ಮುಚ್ಚೋಕೆ ಬಿಡಬ್ಯಾಡ" ಎಂದರು ನನಗೆ. ನಾನು ಎರಡೂ ಕೈಯಲ್ಲಿ ಬಾಗಿಲು ಹಿಡಿದು ನಿಂತೆ.

ಒಳಗೆ ಕೂತಿದ್ದವರನ್ನು ಒಬ್ಬೊಬ್ಬರನ್ನಾಗಿ ಅವರವರ ಮಾತಿನಲ್ಲಿ ಕೇಳಿದರು. "ನಿನ್ಗೆ ಒಪ್ಪಿಗೆ ಐತಾ?" "ಉನಕ್ಕು ಸಮ್ಮದಮಾ?" "ನೀಕು ಇಷ್ಟಮೇನಾ?" ಮುನಿರಾಜು ತಲೆಯಾಡಿಸಿ ಇಳಿದು ಓಡಿದ. ಹೆಂಡತಿ ಸತ್ತು ಎಷ್ಟೋ ಕಾಲವಾಗಿದ್ದ ಒಬ್ಬ ಮುದುಕ, "ನಂಗ್ಯಾಕವ್ವ ಇದು?" ಎನ್ನುತ್ತ ಇಳಿದ. ಇನ್ನೂ ಕೆಲವರು ಇಳಿದರು. ಕೊನೆಗೆ ಒಬ್ಬ ಉಳಿದ. "ನಂಗೆ ಒಪ್ಪಿಗೆ ಐತೆ ಟೀಚರಮ್ಮಾ. ಮಕ್ಳು ಸಾಕು" ಎಂದ. ಟೀಚರಮ್ಮನ ದನಿ ಒಮ್ಮೆಲೇ ಮೆತ್ತಗಾಯಿತು. "ಹಂಗಾದ್ರೆ ಹೋಗಿ ಬಾ ಕಣಪ್ಪಾ. ಹೆದರ್ಕೋಬ್ಯಾಡ. ಗಾಯ ಮಾಯೋವರ್ಗೂ ಭಾರ ಎತ್ಬ್ಯಾಡ" ಎಂದರು.

ಅಷ್ಟರಲ್ಲಿ ಅಧಿಕಾರಿ ಓಡಿ ಬಂದರು. ಮರ್ಯಾದೆಯ ಮಾತು ಹೋಗಿಬಿಟ್ಟಿತ್ತು. ಕೆಲಸ ಹೋಗುತ್ತದೆ, ಜೈಲಿಗೆ ಹಾಕಿಸುತ್ತೇನೆ ಎಂದು ಕೂಗಾಡಿದರು. ಟೀಚರಮ್ಮ ಅವರಿದ್ದ ದಿಕ್ಕಿಗೆ ಬರಿಗಣ್ಣು ತಿರುಗಿಸಿ, "ನಾನು ಮಾಡಿಸ್ಕೊಂಡಿದೀನಿ ಸಾರ್ ಈ ಆಪರೇಷನ್ನು. ಯಾರೂ ನನ್ನ ರಟ್ಟೆ ಹಿಡಿದು ಎಳ್ಕೊಂಡು ಹೋಗ್ಲಿಲ್ಲ. ಹೇಳೋದು ನನ್ನ ಕೆಲಸ. ಹಿಡಿಯೋದು ನಂದಲ್ಲ, ನಿಮ್ದೂ ಅಲ್ಲ" ಎಂದರು. ವ್ಯಾನು ಒಪ್ಪಿದ ಆ ಒಬ್ಬನನ್ನೇ ಕೂರಿಸಿಕೊಂಡು ಹೋಯಿತು.

ಜೈಲಿಗೇನೂ ಹಾಕಲಿಲ್ಲ. ಊತಂಗರೆಯಿಂದಲೂ ಆಚೆಯ ಒಂದು ಊರಿಗೆ ವರ್ಗ ಮಾಡಿದರು. ಗಂಡ ಮಕ್ಕಳನ್ನು ಇಲ್ಲೇ ಬಿಟ್ಟು ಹೋಗಬೇಕಾಯಿತು. ಹೆಡ್‌ಮಾಸ್ಟರು ಆರ್ಡರನ್ನು ಕೈಗೆ ಕೊಡುವಾಗ ಸಂಕಟಪಟ್ಟರು. "ಅಲ್ಲೂ ಭಾನುವಾರ ಬತ್ತದೆ ತಾನೆ ಸಾರ್?" ಎಂದು ಕೇಳಿ ಇವರು ಸಹಿ ಹಾಕಿದರು.

ಚುನಾವಣೆಯಾಯಿತು, ಸರ್ಕಾರ ಬದಲಾಯಿತು, ಅವರೂ ಅಲೆದಾಡಿ ನಮ್ಮ ಶಾಲೆಗೇ ವಾಪಸಾದರು. ಊರು ಅವರನ್ನು ಮೆರವಣಿಗೆಯಲ್ಲಿ ಕರೆದುಕೊಳ್ಳುತ್ತದೆ ಎಂದು ನಾನು ಎಣಿಸಿದ್ದೆ. ಮೊದಲ ಭಾನುವಾರ ರೇಡಿಯೋ ರೂಮಿನ ಮುಂದೆ ಇದ್ದದ್ದು ನಾನು, ಮತ್ತೆ ಮೆಟ್ಟಿಲ ಮೇಲೆ ಮಲಗಿದ್ದ ಒಂದು ಮೇಕೆ.

ದಾರಿಯಲ್ಲಿ ಸಿಕ್ಕ ಮುನಿಯಮ್ಮ ಕೈ ಮುಗಿದಳು. "ನೀನು ಒಳ್ಳೇವ್ಳೇ ಕಣವ್ವ. ನನ್ನ ಮಗನ್ನ ಉಳ್ಸಿದೋಳು. ಆದ್ರೆ ನೀನು ಕರ್ದ್ರೆ ನಿನ್ನ ಹಿಂದೆ ಇನ್ಯಾರು ಬತ್ತಾರೋ ನಿನ್ಗೇ ಗೊತ್ತಾಗಕಿಲ್ವಲ್ಲ" ಎಂದಳು.

ಟೀಚರಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಅವಳು ಹೇಳಿದ್ದು ಸರಿ" ಎಂದರು.

ಊರು ಆಪರೇಷನ್ನಿಗೆ ಮಾತ್ರ ಹೆದರಿದ್ದರೆ ಚಿಂತೆ ಇರಲಿಲ್ಲ. ಸೂಜಿ ಕಂಡರೇ ಹೆದರುವಂತಾಗಿತ್ತು. ಮಕ್ಕಳಿಗೆ ಚುಚ್ಚುಮದ್ದು ಹಾಕಲು ನರ್ಸು ಬಂದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಆ ವರ್ಷ ನಾಯಿಕೆಮ್ಮು ಬಂದು ಕೂಸುಗಳು ಸತ್ತವು. ಒಂದು ಮನೆಗೆ ನಾವಿಬ್ಬರೂ ಹೋಗಿದ್ದೆವು. ಹಿಂದಿರುಗುವಾಗ ಅವರು ರಸ್ತೆಯಲ್ಲೇ ನಿಂತು, "ನನ್ನನ್ನ ಎಲ್ಲಿಗಾದ್ರೂ ಅಟ್ಟಲಿ ಕಣೇ, ಅದು ಲೆಕ್ಕಕ್ಕಿಲ್ಲ. ನನ್ನ ಮಾತಿನ ಮೇಲೆ ಜನಕ್ಕಿದ್ದ ನಂಬಿಕೆನ ಆ ವ್ಯಾನಲ್ಲಿ ಹಾಕ್ಕೊಂಡು ಹೋಗ್ಬುಟ್ರು. ಅದನ್ನ ನಾನು ವಾಪಸ್ ತಗೊಳ್ಳೋವರ್ಗೂ ಬಿಡಲ್ಲ" ಎಂದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಳುವಿನಲ್ಲೂ ಸಿಟ್ಟೇ ಹೆಚ್ಚಿತ್ತು.

ಬಿಡಲಿಲ್ಲ. ಪ್ರತಿ ಭಾನುವಾರ ಮೆಟ್ಟಿಲ ಮೇಲೆ ನಿಂತರು. ಎದುರಿಗೆ ಯಾರೂ ಇಲ್ಲದೆ, ತುಂಬಿದ ಸಭೆಗೆ ಹೇಳುವಷ್ಟೇ ಗಟ್ಟಿಯಾಗಿ ಹೇಳಿದರು. ಮೊದಲ ಮಾತು ಯಾವಾಗಲೂ ಒಂದೇ: "ಇಲ್ಲಿ ವ್ಯಾನ್ ಇಲ್ಲ. ಬರಲ್ಲ. ಬಂದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗ್ಬೇಕು." ಆಮೇಲೆ ಆ ದಿನದ ವಿಷಯ. ಹೊಸೂರಿನ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗಿ ಬರುವ ಹುಡುಗರು ಸೈಕಲ್ ನಿಧಾನಿಸಿ ನಕ್ಕು ಹೋಗುತ್ತಿದ್ದರು. ರೇಡಿಯೋ ನೋಡಿಕೊಳ್ಳುವವನು, "ಯಾರಿಗ್ ಹೇಳ್ತಿದೀರ ಟೀಚರಮ್ಮಾ, ಗೋಡೆಗಾ?" ಎಂದ. "ಗೋಡೆ ಹಿಂದೆ ಇರೋರ್ಗೆ" ಎಂದರು.

ನಿಜ ಹೇಳಬೇಕೆಂದರೆ, ನನಗೂ ಅದು ಹಠ ಎನ್ನಿಸಿತ್ತು. ಒಂದು ಸಂಜೆ ನಾನು ಬೇರೆಯೇ ಒಂದನ್ನು ಗಮನಿಸಿದೆ. ಸುತ್ತಲಿನ ಮನೆಗಳ ಹಿತ್ತಲಿನಿಂದ ಮೊರದಲ್ಲಿ ಕೇರುವ ಸದ್ದು ಬರುತ್ತಿತ್ತು. ಇವರು ನಾಯಿಕೆಮ್ಮಿನ ವಿಷಯ ಎತ್ತಿದ ಕೂಡಲೇ ಆ ಸದ್ದು ನಿಂತಿತು. ಇವರು ನೀರು ಕುಡಿಯಲು ನಿಲ್ಲಿಸಿದಾಗ ಮತ್ತೆ ಶುರುವಾಯಿತು. ಮಾತು ಮುಂದುವರಿದಾಗ ಮತ್ತೆ ನಿಂತಿತು. ನಾನು ಅವರ ಮುಖ ನೋಡಿದೆ. ಅವರಿಗೆ ಅದು ಮೊದಲೇ ಗೊತ್ತಿತ್ತು.

ಎಷ್ಟೋ ಭಾನುವಾರಗಳ ಮೇಲೆ ಒಂದು ಗೋಡೆಯ ಆಚೆಯಿಂದ ಹೆಂಗಸಿನ ದನಿ ಕೇಳಿಸಿತು. "ಟೀಚರಮ್ಮಾ, ಆಪ್ರೇಸನ್ ಆದ್ಮೇಲೆ ಹೊಲದ ಗೇಯ್ಮೆ ಮಾಡಕ್ಕಾಗಕಿಲ್ಲ ಅಂತಾರೆ. ನಿಜವಾ?"

ನಾನು ಯಾರೆಂದು ನೋಡಲು ಎದ್ದೆ. ಟೀಚರಮ್ಮ ಕಣ್ಣಿನಲ್ಲೇ ಗದರಿ ಕೂರಿಸಿದರು. ಗೋಡೆಯ ಕಡೆ ತಿರುಗಿಯೂ ನೋಡದೆ, ಎದುರಿನ ಖಾಲಿ ಜಾಗಕ್ಕೇ ಉತ್ತರ ಹೇಳಿದರು. ಏನು ಕುಯ್ಯುತ್ತಾರೆ, ಎಷ್ಟು ನೋಯುತ್ತದೆ, ಯಾವಾಗ ಕೆಲಸಕ್ಕೆ ಇಳಿಯಬಹುದು, ಯಾರು ಮಾಡಿಸಿಕೊಳ್ಳಬಾರದು, ಎಲ್ಲವನ್ನೂ. "ಗಂಡಸ್ರದ್ದು ಇದಕ್ಕಿಂತ ಸಲೀಸು. ಆದ್ರೆ ಆ ವ್ಯಾನು ನಮ್ಮ ಗಂಡಸ್ರ ಧೈರ್ಯಾನೂ ಎತ್ಕೊಂಡು ಹೋಗ್ಬುಡ್ತು" ಎಂದೂ ಸೇರಿಸಿದರು. ಮುಂದಿನ ವಾರ ಇನ್ನೊಂದು ಗೋಡೆಯಿಂದ ಇನ್ನೊಂದು ಪ್ರಶ್ನೆ. ಬೇಸಿಗೆಯ ಹೊತ್ತಿಗೆ ಹೆಂಗಸರು ಮೊರದೊಂದಿಗೆ ಗೋಡೆಯ ಈಚೆಗೆ ಬಂದು ಕೂತಿದ್ದರು. ಕೂಸುಗಳ ತೊಡೆಗೆ ಸೂಜಿ ಚುಚ್ಚಿಸಿದರು. ಆಮೇಲೆ ಗಂಡಸರೂ ಬಂದರು. ಫ್ಯಾಕ್ಟರಿಯ ಹುಡುಗರು ಸೈಕಲ್ ನಿಲ್ಲಿಸಿ, ಹೊಗೆ ಕುಡಿದರೆ ಶ್ವಾಸಕೋಶಕ್ಕೆ ಏನಾಗುತ್ತದೆ ಎಂದು ಕೇಳತೊಡಗಿದರು. ಟೀಚರಮ್ಮ ನಿವೃತ್ತರಾಗುವವರೆಗೂ ಆ ಮೆಟ್ಟಿಲು ಮತ್ತೆ ಖಾಲಿ ಬೀಳಲಿಲ್ಲ.

ಗೋಡೆಯ ಆಚೆಯಿಂದ ಮೊದಲು ಕೇಳಿದವಳು ರತ್ನಮ್ಮ, ಮುನಿರಾಜುವಿನ ಹೆಂಡತಿ. ಮೂರನೆಯ ಮಗುವಾದ ಮೇಲೆ ಅವಳು ಒಂದು ದಿನ ಶಾಲೆಗೆ ಬಂದು, "ನಾನು ಕೃಷ್ಣಗಿರಿಗೆ ಹೋಯ್ತೀನಿ. ಜೊತೇಲಿ ಬತ್ತೀರಾ?" ಎಂದಳು.

"ನಿನ್ನ ಗಂಡನ್ನ ಕೇಳಿದೀಯಾ?"

"ಹೇಳಿದೀನಿ" ಎಂದಳು ರತ್ನಮ್ಮ. ಟೀಚರಮ್ಮ ಜೋರಾಗಿ ನಕ್ಕುಬಿಟ್ಟರು.

ಹೊರಡುವ ದಿನ ರತ್ನಮ್ಮನ ಜೊತೆ ಇನ್ನೂ ನಾಲ್ಕಾರು ಹೆಂಗಸರು ಸೇರಿಕೊಂಡರು. ಕೆಲಮಂಗಲದಲ್ಲಿ ರಾಯಕೋಟೆಯ ಮೇಲೆ ಹೋಗುವ ಬಸ್ಸಿಗೆ ಕಾದು ನಿಂತೆವು. ಮುನಿರಾಜು ಗಂಟು ಹೊತ್ತು ತಂದಿದ್ದ. ಮುನಿಯಮ್ಮನೂ ಬಂದಿದ್ದಳು, ಸಣ್ಣ ಮೊಮ್ಮಗನನ್ನು ಕಂಕುಳಲ್ಲಿ ಇರಿಸಿಕೊಂಡು. ಸೊಸೆಯನ್ನು ತಡೆಯಲು ಬಂದಳೋ, ಕಳಿಸಲು ಬಂದಳೋ ನನಗೆ ತಿಳಿಯಲಿಲ್ಲ. ಬಸ್ಸು ಬಂದಾಗ ಅವಳು ಮಗನನ್ನು ಸರಿಸಿ ಎಲ್ಲರಿಗಿಂತ ಮೊದಲು ಹತ್ತಿ ಕೂತಳು.

ಎಲ್ಲರೂ ಸೀರೆ ಬದಲಿಸಿ, ಹೂ ಮುಡಿದು ಬಂದಿದ್ದರು. ಕಂಡಕ್ಟರು ನೋಡಿ, "ಎನ್ನಮ್ಮಾ, ಕಲ್ಯಾಣಮಾ?" ಎಂದ. ಮದುವೆಗೆ ಹೊರಟಿರಾ ಎಂದು.

ಹೆಂಗಸರು ತಲೆ ತಗ್ಗಿಸಿದರು. ಟೀಚರಮ್ಮನ ಕೈ ಕನ್ನಡಕಕ್ಕೆ ಹೋಯಿತು. ಅವರು ಬಾಯಿ ತೆರೆಯುವ ಮೊದಲೇ ಮುಂದಿನ ಸೀಟಿನಿಂದ ಮುನಿಯಮ್ಮ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು:

"ಮದ್ವೆಯಲ್ಲ ಕಣಯ್ಯಾ, ಆಪ್ರೇಸನ್ನು. ಯಾರೂ ಹಿಡ್ಕೊಂಡು ಹೋಯ್ತಿಲ್ಲ ನಮ್ಮನ್ನ. ನಾವಾಗೇ ಹೋಯ್ತಾ ಇದೀವಿ. ಕೊಡು ಟಿಕೇಟು."